ನಲ್ಲಿ ಸೋರಿದರೆ ಸ್ಪ್ಯಾನರ್ ಹಿಡಿಯೋಣವೇ, ಪ್ಲಂಬರ್‌ನನ್ನು ಕರೆಯೋಣವೇ?

ಬೆಳಗ್ಗೆ ಮಕ್ಕಳ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿರುವಾಗಲೇ ಅಡುಗೆಮನೆಯ ಸಿಂಕು ಕಟ್ಟಿಕೊಳ್ಳುತ್ತದೆ. ಹಬ್ಬಕ್ಕೆ ನಾದಿನಿಯ ಮನೆಯವರು ಬಂದಿಳಿದ ದಿನವೇ ಫ್ಲಶ್ ಕೈಕೊಡುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲುಮನೆಯಿಂದ ‘ತೊಟ್... ತೊಟ್...’ ಅಂತ ಸದ್ದು ಶುರುವಾಗುತ್ತದೆ. ನಿಮ್ಮ ಮನೆಯಲ್ಲೂ ಹೀಗೇ ತಾನೆ?

ಆಮೇಲಿನ ಕಥೆಯೂ ನಿಮಗೆ ಗೊತ್ತಿದ್ದದ್ದೇ. ಪ್ಲಂಬರ್‌ಗೆ ಫೋನ್ ಮಾಡಿದರೆ ‘ಹತ್ತೇ ನಿಮಿಷ ಮೇಡಂ, ದಾರೀಲಿದೀನಿ’ ಅನ್ನುತ್ತಾನೆ. ಆ ಹತ್ತು ನಿಮಿಷ ಮುಗಿಯುವುದು ಮರುದಿನ ಸಂಜೆಗೆ. ಬಂದವನು ಎರಡು ಸಲ ತಿರುಗಿಸಿ ನೋಡಿ ಒಂದು ಮೊತ್ತ ಹೇಳುತ್ತಾನೆ. ಅದು ನ್ಯಾಯವೋ ಅನ್ಯಾಯವೋ ನಮಗೆ ತಿಳಿಯುವುದಿಲ್ಲ. ಕೇಳಿದಷ್ಟು ಕೊಟ್ಟರೆ ಮೋಸ ಹೋದೆವೇನೋ ಎಂಬ ಸಂಕಟ. ಚೌಕಾಸಿ ಮಾಡಿದರೆ ಕೆಲಸ ಕೆಡಿಸಿ ಹೋಗುತ್ತಾನೇನೋ ಎಂಬ ಭಯ. ಸಂಜೆ ಮನೆಯವರು ಬಂದು ‘ಇಷ್ಟಕ್ಕೆ ಅಷ್ಟು ಕೊಟ್ಟೆಯಾ?’ ಅಂದುಬಿಟ್ಟರಂತೂ ರಾತ್ರಿ ಊಟವೂ ಸೇರುವುದಿಲ್ಲ.

ಇದಕ್ಕೆ ಸುತ್ತಮುತ್ತಲಿನವರು ಎರಡು ಬಗೆಯ ಸಲಹೆ ಕೊಡುತ್ತಾರೆ. ಒಬ್ಬರು, ‘ಮೊಬೈಲಿನಲ್ಲಿ ವಿಡಿಯೊ ನೋಡ್ಕೊಂಡು ನೀವೇ ಮಾಡ್ಕೊಳ್ಳಿ, ಅದೇನು ಬ್ರಹ್ಮವಿದ್ಯೆಯೇ?’ ಅನ್ನುತ್ತಾರೆ. ಇನ್ನೊಬ್ಬರು, ‘ನಮಗ್ಯಾಕೆ ಆ ಉಸಾಬರಿ, ದುಡ್ಡು ಬಿಸಾಕಿ ಮಾಡಿಸ್ಕೊಳ್ಳಿ’ ಅನ್ನುತ್ತಾರೆ. ನಾನು ಎರಡನ್ನೂ ಮಾಡಿ ಎರಡರಲ್ಲೂ ಪೆಟ್ಟು ತಿಂದವಳು. ಆ ಪೆಟ್ಟಿನಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನಮ್ಮ ಮನೆಗೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲು ನಮಗೆ ಗೊತ್ತಿರಬೇಕು. ಅದು ಗೊತ್ತಿದ್ದರೆ ಸಣ್ಣ ಕೆಲಸ ಯಾವುದು, ದೊಡ್ಡದು ಯಾವುದು ಎಂದು ತಿಳಿಯುತ್ತದೆ. ಸಣ್ಣದನ್ನು ನಾವೇ ಮಾಡಬಹುದು, ದೊಡ್ಡದಕ್ಕೆ ನ್ಯಾಯವಾದ ಬೆಲೆ ಕೇಳಬಹುದು. ಕೇಳಿದ ಮೇಲೆ ಮನಸಾರೆ ಕೊಡಲೂಬಹುದು.

ಮೂವರು ಬಂದರು, ಒಬ್ಬರು ಕೇಳಿದರು

ನಾವಿರುವುದು ಬೆಂಗಳೂರಿನಲ್ಲಿ, ಸ್ವಲ್ಪ ಹಳೆಯ ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿ. ಒಂದು ದಿನ ಕೆಳಗಿನ ಮನೆಯ ಆಂಟಿ ಬಂದು, ‘ನಿಮ್ಮ ಬಾತ್‌ರೂಮಿನ ನೀರು ನಮ್ಮ ಸೀಲಿಂಗ್‌ನಿಂದ ತೊಟ್ಟಿಕ್ತಾ ಇದೆ ಕಣಮ್ಮ. ದೇವರ ಮನೆಗೆ ಮಡಿಯಲ್ಲಿ ಹೋಗೋಣ ಅಂದ್ರೆ ತಲೆ ಮೇಲೆ ಬೀಳತ್ತೆ’ ಅಂದರು. ಹತ್ತು ವರ್ಷದಿಂದ ಕೋಸಂಬರಿ, ಎಳ್ಳುಬೆಲ್ಲ ಹಂಚಿಕೊಂಡು ಬಂದವರು. ಆ ದಿನ ಒಳಗೆ ಬನ್ನಿ ಅಂದರೂ ಬಾಗಿಲಲ್ಲೇ ನಿಂತು ಹೋದರು.

ಮೊದಲು ಬಂದ ಪ್ಲಂಬರ್ ಒಳಗೆ ಕಾಲಿಡುವ ಮುಂಚೆಯೇ, ‘ಸಾರ್ ಇಲ್ವಾ ಮೇಡಂ? ಸಾರ್ ಹತ್ರಾನೇ ಮಾತಾಡ್ತೀನಿ’ ಅಂದ. ಎರಡು ನಿಮಿಷ ನೋಡಿ, ಒಳಗಿನ ಪೈಪೇ ಹೋಗಿದೆ, ಟೈಲ್ಸ್ ಎಲ್ಲ ಒಡೆದು ಹೊಸ ಲೈನ್ ಎಳೀಬೇಕು ಎಂದು 18,000 ರೂಪಾಯಿ ಹೇಳಿದ. ಎರಡನೆಯವನು ಫೋನಿನ ಆಪ್ ಮೂಲಕ ಬಂದ ಹುಡುಗ. ಅವನು 11,000 ಅಂದ, ‘ಟೈಲ್ಸ್ ಖರ್ಚು ನಿಮ್ದು’ ಎಂದೂ ಸೇರಿಸಿದ. ಎರಡು ಮೊತ್ತಕ್ಕೂ ತಾಳವಿಲ್ಲ, ಮೇಳವಿಲ್ಲ. ಯಾರನ್ನು ನಂಬುವುದು?

ಮೂರನೆಯವರು ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯವರು ಕಳಿಸಿದ ವಯಸ್ಸಾದ ಪ್ಲಂಬರ್. ಅವರು ಚೀಲ ಕೆಳಗಿಟ್ಟು, ‘ಕೆಳಗಡೆ ನೀರು ಇಡೀ ದಿನ ತೊಟ್ಟಿಕ್ಕತ್ತಾಮ್ಮ, ಇಲ್ಲಾ ನೀವು ಸ್ನಾನ ಮಾಡಿದ ಮೇಲೆ ಮಾತ್ರಾನಾ?’ ಅಂತ ಕೇಳಿದರು. ನಾನು ಪೆಚ್ಚಾದೆ. ಮೊದಲಿನ ಇಬ್ಬರೂ ಅದನ್ನು ಕೇಳಿರಲಿಲ್ಲ, ನಾನೂ ಕೆಳಗಿನ ಮನೆಯವರನ್ನು ಕೇಳಿರಲಿಲ್ಲ. ‘ಎರಡು ದಿನ ಈ ಬಚ್ಚಲು ಬಳಸಬೇಡಿ, ಆದ್ರೆ ನಲ್ಲಿ ಲೈನ್ ಬಂದ್ ಮಾಡಬೇಡಿ, ಹಾಗೇ ಇರ್ಲಿ’ ಎಂದು ಹೇಳಿ ಹೋದರು. ಎರಡು ದಿನ ಎಲ್ಲರೂ ಇನ್ನೊಂದು ಬಚ್ಚಲಿಗೆ ಸಾಲು ನಿಂತೆವು. ಕೆಳಗೆ ತೊಟ್ಟಿಕ್ಕುವುದು ನಿಂತೇಹೋಯಿತು!

ಇದರ ಅರ್ಥ ಸರಳ. ನಲ್ಲಿಗೆ ನೀರು ತರುವ ಪೈಪಿನಲ್ಲಿ ಸದಾ ಒತ್ತಡ ಇರುತ್ತದೆ. ಅದು ಒಡೆದಿದ್ದರೆ ನಾವು ಸ್ನಾನ ಮಾಡಲಿ ಬಿಡಲಿ, ಹಗಲೂ ರಾತ್ರಿ ಸೋರುತ್ತದೆ. ಬಳಸಿದಾಗ ಮಾತ್ರ ಸೋರಿದರೆ ತಪ್ಪು ನೀರು ಹೊರಗೆ ಹೋಗುವ ದಾರಿಯಲ್ಲಿದೆ. ಅಂದರೆ ನೆಲದ ಟ್ರ್ಯಾಪ್‌ನ ಸುತ್ತ, ಟೈಲ್ಸ್‌ನ ಸಂದುಗಳಲ್ಲಿ ಅಥವಾ ವೇಸ್ಟ್ ಪೈಪಿನಲ್ಲಿ. ನಮ್ಮದು ಟ್ರ್ಯಾಪ್‌ನ ಸುತ್ತಲಿನ ಸಂದು. ಅವರು ಹಳೆಯ ಸಿಮೆಂಟ್ ಕೆರೆದು ತೆಗೆದು, ಟ್ರ್ಯಾಪ್‌ನ ಸುತ್ತ ನೀರು ಇಳಿಯದ ಹಾಗೆ ಕಟ್ಟಿ, ಸಂದುಗಳಿಗೆ ಹೊಸದಾಗಿ ಗ್ರೌಟ್ ತುಂಬಿದರು. ಒಂದು ಟೈಲ್ ಕೂಡ ಒಡೆಯಲಿಲ್ಲ. ಸಾಮಾನು ಸೇರಿ 1,800 ರೂಪಾಯಿ ಕೇಳಿದರು.

ನಾನೇನು ಮಾಡಿದೆ ಗೊತ್ತೇ? ಅಭ್ಯಾಸಬಲ. ‘ಜಾಸ್ತಿ ಆಯ್ತು, 1,600 ತಗೊಳ್ಳಿ’ ಅಂದೆ. ಅವರು ಮಾತಾಡದೆ ತೆಗೆದುಕೊಂಡು ಹೋದರು. ರಾತ್ರಿ ಹೆಮ್ಮೆಯಿಂದ ಮನೆಯವರ ಹತ್ತಿರ ಹೇಳಿದರೆ, ಅವರು ಊಟದ ತಟ್ಟೆಯಿಂದ ತಲೆಯೆತ್ತಿ, ‘ಹದಿನೆಂಟು ಸಾವಿರ ಉಳಿಸಿದವರ ಹತ್ರ ಇನ್ನೂರು ಕಿತ್ಕೊಂಡೆಯಾ?’ ಅಂದರು. ಆಗ ಹೊಳೆಯಿತು, ಅವರು ಮೊದಲ ದಿನ ಬಂದು ನೋಡಿ ಹೋದದ್ದಕ್ಕೆ ಒಂದು ರೂಪಾಯಿಯನ್ನೂ ಕೇಳಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಸ್ಥಿತಿ.

ಸ್ಪ್ಯಾನರ್ ಹಿಡಿದ ವೀರವನಿತೆ

ಇಷ್ಟಾದ ಮೇಲೆ ನನಗೆ ಪ್ಲಂಬಿಂಗ್ ಎಲ್ಲಾ ಗೊತ್ತಾಯಿತು ಎಂಬ ಭ್ರಮೆ ಹತ್ತಿತು. ಅಡುಗೆಮನೆಯ ನಲ್ಲಿ ಹಳೆಯದಾಗಿತ್ತು. ವಿಡಿಯೊದಲ್ಲಿ ಯಾರೋ ವಿದೇಶದ ಮಹಿಳೆ ಐದು ನಿಮಿಷದಲ್ಲಿ ನಲ್ಲಿ ಬದಲಾಯಿಸಿ ನಗುತ್ತಾಳೆ. ನಾನೂ ಹೊಸ ನಲ್ಲಿ, ಟೆಫ್ಲಾನ್ ಟೇಪ್, ಒಂದು ಪೈಪ್ ರೆಂಚ್ ತಂದುಕೊಂಡೆ. ಮಧ್ಯಾಹ್ನ ಮಕ್ಕಳು ಬರುವುದರೊಳಗೆ ಮುಗಿಸಿ ಬೆರಗುಗೊಳಿಸುವ ಆಸೆ.

ನಮ್ಮ ಕಟ್ಟಡಕ್ಕೆ ಬೋರ್‌ವೆಲ್ ನೀರೂ ಬರುತ್ತದೆ. ಗಡಸು ನೀರಿನ ಉಪ್ಪು ವರ್ಷಗಟ್ಟಲೆ ಕೂತು ನಲ್ಲಿಯನ್ನೂ ಗೋಡೆಯೊಳಗಿನ ನಿಪ್ಪಲ್ಲನ್ನೂ ಒಂದೇ ಮಾಡಿಬಿಟ್ಟಿತ್ತು. ವಿಡಿಯೊದ ಮಹಿಳೆಗೆ ಆ ಕಷ್ಟ ಇರಲಿಲ್ಲ. ನಾನು ಶಕ್ತಿಯೆಲ್ಲ ಬಿಟ್ಟು ತಿರುಗಿಸಿದೆ. ಟಕ್ ಅಂತ ನಿಪ್ಪಲ್ ಗೋಡೆಯೊಳಗೇ ಮುರಿಯಿತು. ಟೆರೇಸಿನ ಟ್ಯಾಂಕಿನ ನೀರೆಲ್ಲ ನಮ್ಮ ಅಡುಗೆಮನೆಗೆ ಧುಮುಕಿತು.

ಅಡುಗೆಮನೆಯ ಲೈನಿನ ವಾಲ್ವ್ ಎಲ್ಲಿದೆ? ಗೊತ್ತಿಲ್ಲ. ಸಿಂಕಿನ ಕೆಳಗೆ ಡಬ್ಬಗಳನ್ನೆಲ್ಲ ಎಳೆದು ಹುಡುಕಿದರೆ ಅಲ್ಲೊಂದು ಇತ್ತು. ಅದೂ ಉಪ್ಪು ಹಿಡಿದು ತಿರುಗಲೊಲ್ಲದು. ಟೆರೇಸಿನ ಮೇಲಿನ ವಾಲ್ವ್ ಮುಚ್ಚೋಣ ಅಂದರೆ ಟೆರೇಸಿನ ಬೀಗದ ಕೈ ಸಂಘದ ಕಾರ್ಯದರ್ಶಿಯ ಹತ್ತಿರ, ಕಾರ್ಯದರ್ಶಿ ಯಾವುದೋ ಮದುವೆಗೆ ತುಮಕೂರಿಗೆ! ನೀರು ಹೊಸ್ತಿಲು ದಾಟಿ ಮೆಟ್ಟಿಲಿಳಿದು ಅದೇ ಆಂಟಿಯ ಬಾಗಿಲಿಗೆ ಹೋಯಿತು. ರಂಗೋಲಿ ಅಳಿಸಿತು. ಕಡೆಗೆ ಆ ವಯಸ್ಸಾದ ಪ್ಲಂಬರ್‌ಗೇ ಫೋನ್ ಮಾಡಿದೆ. ಬರುತ್ತಾರೆಂಬ ನಂಬಿಕೆ ಇರಲಿಲ್ಲ, ಬಂದರು. ಒಂದು ಹಳೆ ಬಟ್ಟೆ ಸುತ್ತಿದ ಮರದ ಬೆಣೆಯನ್ನು ತೂತಿಗೆ ಬಡಿದು ಮೊದಲು ನೀರು ನಿಲ್ಲಿಸಿದರು. ಆಮೇಲೆ ಸಾವಕಾಶವಾಗಿ ಮುರಿದ ತುಂಡು ತೆಗೆದು ಹೊಸ ನಿಪ್ಪಲ್ ಹಾಕಿ, ನಾನು ತಂದ ನಲ್ಲಿಯನ್ನೇ ಕೂರಿಸಿದರು. 700 ರೂಪಾಯಿ ಕೇಳಿದರು. ಹಿಂದಿನ ಇನ್ನೂರನ್ನೂ ಸೇರಿಸಿ ಕೊಟ್ಟೆ. ‘ಹೆಚ್ಚಾಗಿ ಕೊಟ್ಟಿದೀರಲ್ಲಮ್ಮ’ ಅಂದರು. ‘ಅದು ಹಳೇ ಬಾಕಿ’ ಅಂದೆ. ನಕ್ಕರು.

ಹಾಗಾದರೆ ನಾವೇ ಏನು ಮಾಡಬಹುದು?

ಧೈರ್ಯಗೆಡಬೇಡಿ. ದಿನನಿತ್ಯದ ಎಷ್ಟೋ ತೊಂದರೆಗಳಿಗೆ ಪ್ಲಂಬರ್ ಬೇಕಾಗಿಯೇ ಇಲ್ಲ. ಆದರೆ ಏನು ಮಾಡುವುದಕ್ಕೂ ಮೊದಲು ನೀರು ನಿಲ್ಲಿಸುವುದನ್ನು ಕಲಿಯಿರಿ. ಇವತ್ತೇ ಮನೆಯ ವಾಲ್ವ್‌ಗಳೆಲ್ಲ ಎಲ್ಲಿವೆ ನೋಡಿ, ಯಾವುದು ಯಾವ ಲೈನಿಗೆ ಎಂದು ಒಂದು ಚೀಟಿ ಅಂಟಿಸಿ. ಎರಡು ಮೂರು ತಿಂಗಳಿಗೊಮ್ಮೆ ಪ್ರತಿಯೊಂದನ್ನೂ ಮುಚ್ಚಿ ತೆರೆಯಿರಿ, ಉಪ್ಪು ಹಿಡಿದು ಅಂಟಿಕೊಳ್ಳುವುದಿಲ್ಲ. ಟೆರೇಸಿನ ಬೀಗದ ಕೈ ಇನ್ನೂ ಒಬ್ಬರ ಬಳಿ ಇರುವಂತೆ ನೋಡಿಕೊಳ್ಳಿ.

* ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯೇ? ಬೇರೆ ನಲ್ಲಿಗಳಲ್ಲಿ ಸರಿಯಾಗಿದ್ದು ಒಂದರಲ್ಲಿ ಮಾತ್ರ ಹೀಗಾದರೆ ನಲ್ಲಿಯ ಬಾಯಲ್ಲಿರುವ ಜಾಲರಿ, ಅಂದರೆ ಏರಿಯೇಟರ್ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಕೈಯಿಂದಲೇ ತಿರುಗಿಸಿ ಬಿಚ್ಚಿ, ಒಂದು ಬಟ್ಟಲು ವಿನೆಗರ್‌ನಲ್ಲಿ ರಾತ್ರಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಶವರಿನ ತೂತುಗಳಿಗೂ ಇದೇ ಮದ್ದು.

* ನಲ್ಲಿ ತೊಟ್ಟಿಕ್ಕುತ್ತಿದೆಯೇ? ಮೂರು ನಾಲ್ಕು ಸುತ್ತು ತಿರುಗಿಸುವ ಹಳೆಯ ನಮೂನೆಯ ನಲ್ಲಿಯಾದರೆ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಅದಕ್ಕೆ ಕೆಲವೇ ರೂಪಾಯಿ. ಕಾಲು ಸುತ್ತಿಗೇ ತೆರೆದುಕೊಳ್ಳುವ ಹೊಸ ನಮೂನೆಯಾದರೆ ವಾಷರ್ ಇರುವುದಿಲ್ಲ, ಒಳಗಿನ ಸ್ಪಿಂಡಲ್ಲನ್ನೇ ಇಡಿಯಾಗಿ ಬದಲಾಯಿಸಬೇಕು. ಹಳೆಯದನ್ನು ಬಿಚ್ಚಿ ಅಂಗಡಿಗೆ ಒಯ್ದು ತೋರಿಸಿಯೇ ಹೊಸದನ್ನು ತನ್ನಿ. ಕಂಪನಿಯಿಂದ ಕಂಪನಿಗೆ ಅಳತೆ ಬೇರೆ. ಬಿಚ್ಚುವಾಗ ಮೊಂಡು ಹಿಡಿದರೆ ಬಿಟ್ಟುಬಿಡಿ, ನನ್ನ ಕಥೆ ನೆನಪಿರಲಿ.

* ಫ್ಲಶ್ ಟ್ಯಾಂಕಿನಿಂದ ಸದಾ ನೀರು ಹರಿಯುತ್ತಿದೆಯೇ? ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ನೀಲಿ ಕಂಡರೆ ನೀರು ಟ್ಯಾಂಕಿನಿಂದ ಇಳಿಯುತ್ತಿದೆ ಎಂದು ಖಾತ್ರಿ. ಮುಚ್ಚಳ ತೆಗೆದು ನೋಡಿ. ನೀರು ಮೇಲಕ್ಕೇರಿ ನಡುವಿನ ಕೊಳವೆಯೊಳಗೆ ಬೀಳುತ್ತಿದ್ದರೆ ಫ್ಲೋಟನ್ನು ಸ್ವಲ್ಪ ಕೆಳಗಿಳಿಸಿದರೆ ಸಾಕು. ಹಾಗಿಲ್ಲವಾದರೆ ತಳದ ರಬ್ಬರ್ ಬದಲಾಯಿಸಬೇಕು. ಗೋಡೆಯೊಳಗೆ ಹುದುಗಿದ ಟ್ಯಾಂಕಾದರೆ ಮಾತ್ರ ಬಲ್ಲವರನ್ನೇ ಕರೆಯಿರಿ.

* ಸಿಂಕು ಕಟ್ಟಿದೆಯೇ? ಕೆಳಗೆ ಬಕೆಟ್ ಇಟ್ಟು ಬಾಟಲಿಯಂತಿರುವ ಟ್ರ್ಯಾಪನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಅಕ್ಕಿಕಾಳು, ಸಾಸಿವೆ, ಕರಿಬೇವು, ಜಿಡ್ಡು ಎಲ್ಲ ಅಲ್ಲೇ ಕೂತಿರುತ್ತವೆ. ತೊಳೆದು ಮತ್ತೆ ಹಾಕುವಾಗ ರಬ್ಬರ್ ಉಂಗುರ ಸರಿಯಾಗಿ ಕೂರಿಸಿ. ಕೈಯಲ್ಲಿ ಬಿಗಿ ಮಾಡಿದರೆ ಸಾಕು, ರೆಂಚ್ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಆ್ಯಸಿಡ್ ಸುರಿಯುವ ಗೋಜಿಗೆ ಹೋಗಬೇಡಿ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ವಿಷಾನಿಲ ಏಳುತ್ತದೆ, ಜೀವಕ್ಕೇ ಅಪಾಯ. ಈಗಾಗಲೇ ಸುರಿದಿದ್ದರೆ ಬಂದ ಪ್ಲಂಬರ್‌ಗೆ ಮೊದಲೇ ಹೇಳಿ, ಕೈ ಹಾಕುವವನು ಅವನು.

‘ಒಂದು ಹನಿಗೆ ಇಷ್ಟೆಲ್ಲಾ ಯಾಕೆ?’ ಅಂತ ಅತ್ತೆ ಕೇಳಿದ್ದರು. ಸೆಕೆಂಡಿಗೊಂದು ಹನಿ ಬೀಳುತ್ತಿದ್ದ ನಲ್ಲಿಯ ಕೆಳಗೆ ರಾತ್ರಿ ಒಂಬತ್ತಕ್ಕೆ ಬಕೆಟ್ ಇಟ್ಟೆ. ಬೆಳಗ್ಗೆ ಆರಕ್ಕೆ ಅಳೆದರೆ 8 ಲೀಟರ್! ದಿನಕ್ಕೆ 21 ಲೀಟರ್, ತಿಂಗಳಿಗೆ 600 ಲೀಟರ್ ದಾಟುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ಮೇಲೆತ್ತಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಾವೆಲ್ಲ ಟ್ಯಾಂಕರಿಗೆ ಕಾದು ಕೂತದ್ದು ಮರೆತಿಲ್ಲ ತಾನೆ? ಆ ವರ್ಷ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಸಾರಿತು. ಅಪಾರ್ಟ್‌ಮೆಂಟು, ಹೋಟೆಲುಗಳ ನಲ್ಲಿಗೆ ಏರಿಯೇಟರ್ ಕಡ್ಡಾಯ ಎಂದಿತು. ಹನಿ ಹನಿಗೂಡಿದರೆ ಹಳ್ಳ ಅನ್ನುವುದು ಉಳಿಸುವುದಕ್ಕೂ ಸರಿ, ಸೋರುವುದಕ್ಕೂ ಸರಿ.

ಇವುಗಳನ್ನು ಮುಟ್ಟಬೇಡಿ

ಗೀಸರ್ ಬಿಚ್ಚುವ ಸಾಹಸ ಬೇಡ. ಅಲ್ಲಿ ನೀರಿನ ಜೊತೆ ಕರೆಂಟ್ ಇದೆ. ಗೀಸರಿನ ಸುರಕ್ಷತಾ ವಾಲ್ವ್‌ನಿಂದ ಹನಿ ಬೀಳುತ್ತದೆ ಎಂದು ಅದಕ್ಕೆ ಬಿರಡೆ ಹಾಕುವವರಿದ್ದಾರೆ. ಒಳಗಿನ ಒತ್ತಡ ಹೊರಹೋಗಲು ಇರುವ ದಾರಿಯೇ ಅದು. ಮುಚ್ಚಿದರೆ ಗೀಸರ್ ಸಿಡಿಯಬಹುದು.

ಗೋಡೆಯೊಳಗಿನ ಪೈಪು, ಹಳೆಯ ಕಬ್ಬಿಣದ ಜಿಐ ಪೈಪು, ಪಂಪಿನ ಮೋಟಾರು ಇವೂ ನಮ್ಮ ಕೆಲಸವಲ್ಲ. ಸಂಪಿಗೆ ನೀವೂ ಇಳಿಯಬೇಡಿ, ಇನ್ನೊಬ್ಬರನ್ನೂ ಅವಸರದಲ್ಲಿ ಇಳಿಸಬೇಡಿ. ಮುಚ್ಚಿದ ಜಾಗದಲ್ಲಿ ಉಸಿರಾಡುವ ಗಾಳಿಯೇ ಇರದಿರಬಹುದು. ಇನ್ನು ಮ್ಯಾನ್‌ಹೋಲ್, ಶೌಚದ ಗುಂಡಿಯ ವಿಷಯದಲ್ಲಂತೂ ‘ಯಾರಾದ್ರೂ ಕಡಿಮೆಗೆ ಇಳಿದು ತೆಗೀತಾರಾ ನೋಡಿ’ ಎಂಬ ಮಾತು ನಮ್ಮ ಬಾಯಲ್ಲಿ ಬರಲೇಬಾರದು. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅದಕ್ಕೆ ಯಂತ್ರಗಳಿವೆ. ಎರಡು ಸಾವಿರ ಉಳಿಸಲು ಒಬ್ಬ ತಾಯಿಯ ಮಗನ ಜೀವ ಪಣಕ್ಕಿಡುವುದೇ?

ನ್ಯಾಯವಾದ ಬೆಲೆ ಕೇಳುವುದು ಹೇಗೆ?

ಮದುವೆಗೆ ಸೀರೆ ತರುವಾಗ ನಾಲ್ಕು ಅಂಗಡಿ ಸುತ್ತುವ ನಾವು, ಪ್ಲಂಬರ್ ವಿಷಯದಲ್ಲಿ ಮೊದಲು ಸಿಕ್ಕವರನ್ನೇ ಹಿಡಿಯುತ್ತೇವೆ. ಕಾರಣ ಅವಸರ. ನೆಲದ ಮೇಲೆ ನೀರು ನಿಂತಿರುವಾಗ ಯಾರು ಚೌಕಾಸಿ ಮಾಡಿಯಾರು? ಆದ್ದರಿಂದ ಮನೆಯಲ್ಲಿ ಎಲ್ಲಾ ಸರಿಯಾಗಿರುವಾಗಲೇ ಒಬ್ಬ ಒಳ್ಳೆಯ ಪ್ಲಂಬರ್‌ನ ನಂಬರ್ ಬರೆದಿಟ್ಟುಕೊಳ್ಳಿ. ಅಕ್ಕಪಕ್ಕದವರನ್ನು ಕೇಳಿ. ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿ, ಯಾರು ಸಾಮಾನು ವಾಪಸ್ ತಂದು ಕಾಡುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಒಂದು ಸಣ್ಣ ಕೆಲಸ ಕೊಟ್ಟು ನೋಡಿ.

ಫೋನಿನಲ್ಲೇ ಎರಡು ಮಾತು ಕೇಳಿ. ಬಂದು ನೋಡುವುದಕ್ಕೆ ಎಷ್ಟು? ಕೆಲಸ ಕೊಟ್ಟರೆ ಅದು ಒಟ್ಟು ಮೊತ್ತದಲ್ಲಿ ಕಳೆಯುತ್ತದೆಯೇ? ತೊಂದರೆಯ ಫೋಟೊ ಅಥವಾ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಮಾನು ಜೊತೆಯಲ್ಲೇ ತರುತ್ತಾರೆ, ‘ಅಂಗಡಿಗೆ ಹೋಗಿ ಬರ್ತೀನಿ’ ಎಂದು ಮಾಯವಾಗುವುದು ತಪ್ಪುತ್ತದೆ. ಆಪ್‌ಗಳಲ್ಲಿ ಸಾಮಾನ್ಯ ಕೆಲಸಗಳಿಗೆ ದರಪಟ್ಟಿ ಇರುತ್ತದೆ. ಅಲ್ಲಿಂದ ಕರೆಸದಿದ್ದರೂ ಆ ಪಟ್ಟಿ ನೋಡಿಟ್ಟುಕೊಂಡರೆ ಒಂದು ಅಂದಾಜು ಸಿಗುತ್ತದೆ. ಸಾಮಾನಿನ ಖರ್ಚು ಅದರಲ್ಲಿ ಸೇರಿದೆಯೇ ಇಲ್ಲವೇ ಎಂದು ಮಾತ್ರ ಗಮನಿಸಿ.

ಬಂದವರು ಮೊತ್ತ ಹೇಳಿದಾಗ ‘ಜಾಸ್ತಿ ಆಯ್ತು’ ಅನ್ನುವ ಬದಲು ‘ಸಾಮಾನಿಗೆಷ್ಟು, ಕೂಲಿ ಎಷ್ಟು, ಬೇರೆ ಬೇರೆ ಹೇಳಿ’ ಅನ್ನಿ. ಈ ಒಂದು ಪ್ರಶ್ನೆಗೇ ಎಷ್ಟೋ ಮೊತ್ತಗಳು ತಾವಾಗಿಯೇ ಇಳಿಯುತ್ತವೆ. ಸಾಮಾನು ಯಾವ ಕಂಪನಿಯದು, ಐಎಸ್‌ಐ ಗುರುತು ಇದೆಯೇ, ಬಿಲ್ ಸಿಗುತ್ತದೆಯೇ ಕೇಳಿ. ಬೇಕಾದರೆ ನೀವೇ ಹೋಗಿ ತನ್ನಿ. ತೆಗೆದ ಹಳೆಯ ಭಾಗವನ್ನು ನಿಮಗೇ ಕೊಡಲು ಹೇಳಿ. ನಿಜವಾಗಿ ಬದಲಾಯಿಸಿದ್ದಾರೋ ಇಲ್ಲವೋ ತಿಳಿಯುತ್ತದೆ, ಹಿತ್ತಾಳೆಯದಾದರೆ ಗುಜರಿಗೆ ಹಾಕಿದರೂ ನಾಲ್ಕು ಕಾಸು ಬರುತ್ತದೆ.

ಗೋಡೆ, ನೆಲ ಒಡೆಯುವಂಥ ಕೆಲಸಕ್ಕೆ ಕನಿಷ್ಠ ಮೂವರನ್ನು ಕೇಳಿ. ಮೂವರಿಗೂ ಒಂದೇ ರೀತಿ ಕೆಲಸ ವಿವರಿಸಿ, ಒಬ್ಬರ ಮೊತ್ತ ಇನ್ನೊಬ್ಬರಿಗೆ ಹೇಳಬೇಡಿ. ಒಡೆದದ್ದನ್ನು ಮುಚ್ಚುವುದು, ಹೊಸ ಟೈಲ್ಸ್, ಮಣ್ಣು-ಚೂರು ಸಾಗಿಸುವುದು ಎಲ್ಲ ಸೇರಿದೆಯೇ ಎಂದು ಕಾಗದದಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬರೆಸಿಕೊಳ್ಳಿ. ಒಡೆಯುವ ಮುಂಚೆ ‘ಪೈಪೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು?’ ಅಂತ ಕೇಳಿ. ಪೈಪಿನ ಬಾಯಿ ಮುಚ್ಚಿ, ಕೈಪಂಪಿನಿಂದ ನೀರು ತುಂಬಿ, ಒತ್ತಡ ಇಳಿಯುತ್ತದೋ ಎಂದು ಮೀಟರಿನಲ್ಲಿ ನೋಡುವ ಪರೀಕ್ಷೆ ಇದೆ. ಅದನ್ನು ಮಾಡಲು ಒಪ್ಪದವರ ಕೈಗೆ ಸುತ್ತಿಗೆ ಕೊಡಬೇಡಿ. ನಿಮ್ಮದು ಸ್ವಂತ ಟ್ಯಾಂಕಾದರೆ ನೀವೂ ಪರೀಕ್ಷಿಸಬಹುದು. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ನೋಡಿ. ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ.

ಮುಂಗಡವನ್ನು ಸಾಮಾನಿಗೆ ಬೇಕಾದಷ್ಟು ಮಾತ್ರ ಕೊಡಿ. ದೊಡ್ಡ ಕೆಲಸವಾದರೆ ಒಂದು ಭಾಗವನ್ನು ಒಂದು ದಿನ ನೀರು ಬಿಟ್ಟು ನೋಡಿದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಮತ್ತೆ ಸೋರಿದರೆ ಎಷ್ಟು ದಿನದವರೆಗೆ ಪುಕ್ಕಟೆಯಾಗಿ ಬಂದು ನೋಡುತ್ತಾರೆ ಎಂಬುದನ್ನೂ.

ಕೂಲಿಯಲ್ಲಿ ಕೈ ಬಿಗಿ ಬೇಡ

ಈಗ ನನ್ನ ಮನಸ್ಸಿನ ಮಾತು. ಇಷ್ಟೆಲ್ಲ ಕೇಳಿ ತಿಳಿದುಕೊಂಡ ಮೇಲೆ, ಮೊತ್ತ ನ್ಯಾಯವೆಂದು ಕಂಡ ಮೇಲೆ, ಕೂಲಿಯಲ್ಲಿ ಐವತ್ತು-ನೂರು ಕಿತ್ತುಕೊಳ್ಳುವುದನ್ನು ಬಿಡೋಣ. ಮಾಲ್‌ನಲ್ಲಿ ಅಂಟಿಸಿದ ಬೆಲೆಗೆ, ಆಪ್‌ನಲ್ಲಿ ತೋರಿಸಿದ ಮೊತ್ತಕ್ಕೆ ನಾವು ತುಟಿಪಿಟಿಕ್ಕೆನ್ನುವುದಿಲ್ಲ. ಎದುರಿಗೆ ಬೆವರಿಳಿಸಿ ನಿಂತವರ ಹತ್ತಿರ ಮಾತ್ರ ನಮ್ಮ ಚೌಕಾಸಿ.

ಇದು ಕಲಿತು ಮಾಡುವ ವಿದ್ಯೆ. ಒಡಿಶಾದ ಕೇಂದ್ರಪಾಡ ಜಿಲ್ಲೆ ದೇಶದ ಊರೂರಿಗೆ ಪ್ಲಂಬರ್‌ಗಳನ್ನು ಕಳಿಸುವುದಕ್ಕೇ ಹೆಸರುವಾಸಿ. ಅಲ್ಲಿನ ಪಟ್ಟಾಮುಂಡೈ ಊರಿನಲ್ಲಿ ಪ್ಲಂಬಿಂಗ್ ಕಲಿಸಲೆಂದೇ ಸರ್ಕಾರದ ಒಂದು ಸಂಸ್ಥೆ ಇದೆ. ನಮ್ಮ ಬೆಂಗಳೂರಿನ ಕಟ್ಟಡಗಳಲ್ಲಿ ಪೈಪು ಜೋಡಿಸಿದ ಕೈಗಳಲ್ಲಿ ಎಷ್ಟೋ ಕೈಗಳು ಅಷ್ಟು ದೂರದಿಂದ ಬಂದಂಥವು. ಎಲ್ಲಿ ಒಡೆಯಬೇಕಾಗಿಲ್ಲ ಎಂದು ಹೇಳಬಲ್ಲವರ ಕೂಲಿಯನ್ನು ಗಂಟೆ ಲೆಕ್ಕದಲ್ಲಿ ಅಳೆಯುವುದು ಸರಿಯೇ?

ಅತಿ ಕಡಿಮೆ ಮೊತ್ತ ಹೇಳಿದವರಿಗೇ ಕೆಲಸ ಎಂಬ ನಿಯಮವೂ ಬೇಡ. ಕಡಿಮೆ ಕೂಲಿಗೆ ಒಪ್ಪಿಕೊಂಡವರು ಆ ಕೊರತೆಯನ್ನು ಎಲ್ಲಾದರೂ ತುಂಬಿಕೊಳ್ಳಲೇಬೇಕಲ್ಲ. ಅಗ್ಗದ ಪೈಪಿನಲ್ಲೋ, ತೆಳು ಸಿಮೆಂಟಿನಲ್ಲೋ. ಹೆಚ್ಚು ಪ್ರಶ್ನೆ ಕೇಳಿದವರಿಗೆ, ಕಾರಣ ಬಿಡಿಸಿ ಹೇಳಿದವರಿಗೆ ಕೊಡಿ. ‘ಸಾರ್ ಇಲ್ವಾ?’ ಎಂದು ಕೇಳಿದವರಿಗೆ ನಾನಂತೂ ಕೊಡುವುದಿಲ್ಲ! ಮನೆಯ ನೀರು ಬಳಸುವವಳೂ ನಾನೇ, ಸೋರಿದರೆ ಒರೆಸುವವಳೂ ನಾನೇ, ತಿಂಗಳ ಲೆಕ್ಕ ಬರೆಯುವವಳೂ ನಾನೇ. ಮಾತಾಡಲು ಮಾತ್ರ ಸಾರ್ ಯಾಕೆ?

ಈಗ ನಮ್ಮ ಮನೆಯಲ್ಲಿ ಸ್ಟೋರ್‌ರೂಮಿನ ಒಂದು ಹಳೆ ಬಿಸ್ಕತ್ ಡಬ್ಬಿಯಲ್ಲಿ ಟೆಫ್ಲಾನ್ ಟೇಪ್, ನಾಲ್ಕು ವಾಷರ್, ಒಂದು ಸ್ಕ್ರೂ ಡ್ರೈವರ್, ಒಂದು ಸ್ಪ್ಯಾನರ್ ಇವೆ. ಆ ವಯಸ್ಸಾದ ಪ್ಲಂಬರ್ ಕೊಟ್ಟು ಹೋದ ಮರದ ಬೆಣೆಯೂ ಇದೆ. ಡಬ್ಬಿಯ ಮುಚ್ಚಳದ ಒಳಗಡೆ ಅವರ ನಂಬರ್ ಬರೆದಿದ್ದೇನೆ. ಡಬ್ಬಿಯಲ್ಲಿರುವುದರಿಂದ ಆಗದ್ದಕ್ಕೆ ಆ ನಂಬರ್. ಹೋದ ಯುಗಾದಿಗೆ ಕೆಳಗಿನ ಆಂಟಿ ಒಬ್ಬಟ್ಟು ತಂದುಕೊಟ್ಟು, ‘ನಮ್ಮ ಫ್ಲಶ್ ಯಾಕೋ ಸುರೀತಾನೇ ಇರತ್ತೆ, ಬಂದು ಸ್ವಲ್ಪ ನೋಡ್ತೀಯಾಮ್ಮ?’ ಅಂದರು. ನೀಲಿ ಬಾಟಲಿ ಹಿಡಿದುಕೊಂಡು ಇಳಿದು ಹೋದೆ.

ನಿಮ್ಮ ಮನೆಯ ವಾಲ್ವ್ ಎಲ್ಲಿದೆ? ಈ ಪುಟ ಮಡಿಸಿಟ್ಟು ಒಮ್ಮೆ ಹೋಗಿ ನೋಡಿ ಬನ್ನಿ.